ಹಿಂದಿನ ಸೀಟಿಲ್ಲದ ಕಾರು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ನಿಮಗೆಲ್ಲ ಬಹಳ ಸಮಾಧಾನ. ಯಾಕೆ ಹೇಳಿ? ಕಥೆಯ ಕೊನೆಯಲ್ಲಿ ಬೀಳುವ ಪೆಟ್ಟು ಶ್ರೀಮಂತನ ಬೆನ್ನಿಗೆ, ನಮಗಲ್ಲ ಎಂದು ಆರಾಮಾಗಿ ಕಂಬಕ್ಕೆ ಒರಗಿ ಕೂರಬಹುದು. ಒರಗಬೇಡಿ. ಈ ಕಥೆಯವನು ಶ್ರೀಮಂತನಲ್ಲ. ಶ್ರೀಮಂತನಾಗಿದ್ದರೆ ಶೋರೂಮಿಗೆ ಹೋಗಿ ಹೊಸ ಕಾರು ತರುತ್ತಿದ್ದ, ಕಥೆ ಅಲ್ಲೇ ಮುಗಿಯುತ್ತಿತ್ತು. ಇವನದು ಹುಬ್ಬಳ್ಳಿಯಾಚೆ ಒಂದೂರಲ್ಲಿ ಹಿಟ್ಟಿನ ಗಿರಣಿ. ಜೋಳ, ಗೋಧಿ, ಕಡಲೆ, ಬೇಸಿಗೆ ಬಂದರೆ ಖಾರದ ಪುಡಿ. ಅವನ ಹೆಸರು ಬೇಡ, ಗಿರಣಿಯವ ಎನ್ನೋಣ. ಹೆಸರು ಹೇಳಿದರೆ ಆ ಹೆಸರಿನವರು ಈ ಸಭೆಯಲ್ಲೇ ಇಬ್ಬರು ಸಿಗುತ್ತಾರೆ. ನಾಳೆ ಮಠಕ್ಕೆ ಬಂದು, "ಏನ್ರೀ ಅಪ್ಪೋರ, ನನ್ನ ಮಾತ ಎಲ್ಲಾರ ಮುಂದ ಹೇಳಿಬಿಟ್ರೆಲ್ಲ" ಎಂದು ಮುಖ ಊದಿಸಿಕೊಂಡು ನಿಲ್ಲುತ್ತಾರೆ.

ಹೆಂಡತಿಯ ಹೆಸರು ಹೇಳುತ್ತೇನೆ. ಕಸ್ತೂರಿ. ಯಾಕೆ ಹೇಳುತ್ತೇನೆ ಎಂದರೆ, ಆ ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದವರಿರಲಿಲ್ಲ. ಒಬ್ಬರಿಗೆ ಸೊಸೆ, ಮೈದುನರಿಗೆ ವೈನಿ, ಮಕ್ಕಳಿಗೆ ಅವ್ವ, ಗಂಡನಿಗೆ "ಏ, ಇಕಾ ಇಲ್ಲಿ". ನಾವಾದರೂ ಕರೆಯೋಣ.

ತುಂಬಿದ ಮನೆ. ಗಂಡ ಸತ್ತ ಮೇಲೂ ಮನೆಯನ್ನು ಹಿಡಿತದಲ್ಲಿಟ್ಟುಕೊಂಡ ತಾಯಿ, ಕಾಕಾ, ತಮ್ಮಂದಿರು, ಅವರ ಹೆಂಡಿರು ಮಕ್ಕಳು. ಎಲ್ಲರಿಗೂ ಸೇರಿ ಒಂದೇ ದೊಡ್ಡ ಜೀಪು. ಮದುವೆಗೆ ಅದೇ, ಮಣ್ಣಿಗೆ ಹೋಗಲೂ ಅದೇ. ಓಡಿಸುವವನು ಗಿರಣಿಯವ, ಅವನ ಪಕ್ಕದ ಮುಂದಿನ ಸೀಟು ತಾಯಿಯದು. ಹಾಗಂತ ಯಾರೂ ಠರಾವು ಮಾಡಿರಲಿಲ್ಲ. ಆದರೆ ಹಿರಿಯರು ಮುಂದೆ, ಕಿರಿಯರು ಹಿಂದೆ, ಸೊಸೆಯಂದಿರು ಎಲ್ಲರಿಗಿಂತ ಹಿಂದೆ ಎನ್ನುವುದನ್ನು ನಮ್ಮ ಕಡೆ ಯಾರಾದರೂ ಕಲಿಸಬೇಕೆ? ಕಸ್ತೂರಿಯದು ಹಿಂಬಾಗಿಲ ಹತ್ತಿರದ ಅಡ್ಡ ಸೀಟು. ತೊಡೆಯ ಮೇಲೆ ರೊಟ್ಟಿ ಬುತ್ತಿಯ ಗಂಟು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲ ಯಾಕೆ ಎಂದು ಕೇಳುತ್ತೀರಾ? ಹೆಣ್ಣುಮಕ್ಕಳು ಯಾರೂ ಕೇಳುವುದಿಲ್ಲ ನೋಡಿ, ಅವರಿಗೆ ಗೊತ್ತು. ಅಡ್ಡ ಕೂತು ತಿರುವಿನ ದಾರಿಯಲ್ಲಿ ಹೋದರೆ ಎಂಥ ಗಟ್ಟಿ ಹೊಟ್ಟೆಯೂ ಬಾಯಿಗೆ ಬರುತ್ತದೆ.

ವರ್ಷಕ್ಕೊಮ್ಮೆ ಇವರೆಲ್ಲ ಗೋಕರ್ಣಕ್ಕೆ ಹೋಗುವುದು ವಾಡಿಕೆ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ಜೀಪಿನಲ್ಲಿದ್ದವರೆಲ್ಲ "ಅಲ್ನೋಡು ಕಣಿವಿ, ಅಲ್ನೋಡು ಮಂಗ್ಯಾ" ಎಂದು ಕೂಗುವ ಹೊತ್ತಿಗೆ ಕಸ್ತೂರಿಯ ತಲೆ ಚೀಲದೊಳಗೆ. ಇಪ್ಪತ್ತು ವರ್ಷ ಆ ಘಟ್ಟ ಇಳಿದವಳು, ಅದರ ಒಂದು ಮರವನ್ನೂ ಕಂಡಿಲ್ಲ. ಮನೆಯವರು ತೀರ್ಪು ಕೊಟ್ಟುಬಿಟ್ಟಿದ್ದರು: "ಆಕಿಗೆ ಗಾಡಿ ಆಗಿಬರಂಗಿಲ್ಲ."

ಒಂದು ಸಂಜೆ ರೊಟ್ಟಿ ಬಡಿಯುತ್ತ ಅವಳು ಗಂಡನಿಗೆ ಹೇಳಿದಳು. "ರೀ, ಮುಂದ ಕುಂತ್ರ ಹೊಟ್ಟಿ ತೊಳಸಂಗಿಲ್ಲಂತ. ಒಮ್ಮಿ, ಒಂದ ಒಮ್ಮಿ, ಆ ಘಟ್ಟ ಕಣ್ಣಾರೆ ನೋಡಬೇಕಂತ ಆಸೆ ಐತ್ರಿ ನನಗ."

ದೊಡ್ಡ ಆಸೆಯೇನ್ರೀ ಇದು? ಬಂಗಾರ ಕೇಳಿದಳೆ? ಬೇರೆ ಮನೆ ಕೇಳಿದಳೆ? ಗಿರಣಿಯವನಿಗೆ ಕರುಳು ಚುರ್ ಎಂದಿತು. ಅವನು ಮಾಡಬೇಕಾದ್ದು ಇಷ್ಟೇ. ತಾಯಿಯ ಹತ್ತಿರ ಹೋಗಿ, "ಅವ್ವಾ, ಈ ಸಲ ಆಕಿ ಮುಂದ ಕುಂದ್ರಲಿ" ಎನ್ನಬೇಕು. ಒಂದು ಮಾತು. ಆದರೆ ಆ ಒಂದು ಮಾತಿಗೆ ಅವನು ಪಡಸಾಲೆ ಬಿಟ್ಟು ಏಳಲಿಲ್ಲ. ಅವ್ವ ಏನಂದಾಳು? ಕಾಕಾ ಏನಂದಾನು? ಹೆಂಡತಿಯ ಮಾತು ಕೇಳುವವ ಎಂದು ಗಿರಣಿಯ ಮುಂದೆ ಸಾಲು ನಿಂತವರು ಆಡಿಕೊಂಡರೆ? ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ಅವನಿಗೆ ಒಂದು ಉಪಾಯ ಹೊಳೆಯಿತು. ಹಿಂದಿನ ಸೀಟೇ ಇಲ್ಲದ ಕಾರು! ಎರಡೇ ಬಾಗಿಲು, ಎರಡೇ ಸೀಟು. ಒಂದು ಓಡಿಸುವವನಿಗೆ, ಇನ್ನೊಂದು ಹೆಂಡತಿಗೆ. ಯಾರ ಜೊತೆಗೂ ಜಗಳವಿಲ್ಲ, ಯಾರಿಗೂ ಉತ್ತರ ಕೊಡಬೇಕಿಲ್ಲ. ಅಲ್ಲದೆ ಒಳಗಿನ ಮಾತು ಹೇಳಬೇಕೆಂದರೆ, ನೆಲಕ್ಕೆ ಹತ್ತಿ ಬುರ್ರೆಂದು ಹೋಗುವ ಅಂಥ ಕಾರಿನ ಮೇಲೆ ಅವನಿಗೆ ಮೀಸೆ ಮೂಡುವ ಕಾಲದಿಂದಲೂ ಕಣ್ಣಿತ್ತು. ಹೆಂಡತಿಯ ನೆವದಲ್ಲಿ ಗಂಡನ ಬಯಕೆ. ನಗಬೇಡಿ, ನಿಮ್ಮ ಮನೆಯ ದೊಡ್ಡ ಟಿವಿ ಯಾರ ನೆವದಲ್ಲಿ ಬಂತು?

ಕೈಯಲ್ಲಿದ್ದದ್ದು ಗಿರಣಿಗೆ ಹೊಸ ಮೋಟರು ಹಾಕಿಸಲು ಕೂಡಿಟ್ಟ ದುಡ್ಡು. ಅಷ್ಟಕ್ಕೆ ಬರುವುದು ಹಳೆಯ ಗಾಡಿಯೇ. ಒಂದು ಬೆಳಿಗ್ಗೆ ಹುಬ್ಬಳ್ಳಿಗೆ ಹೋದ. ದಲ್ಲಾಳಿಯೊಬ್ಬ ಕೆಂಪು ಕಾರು ತೋರಿಸಿದ. ಏನು ಉದ್ದ, ಏನು ಮಿಂಚು! ಬಾಗಿಲು ತೆರೆದರೆ ಅತ್ತರಿನ ವಾಸನೆ.

"ಒಬ್ಬರ ಓನರ್ ರೀ. ಡಾಕ್ಟರ್ರು. ಬರೇ ರವಿವಾರ ಹೊರಗ ತಗೀತಿದ್ರು, ಅದೂ ಗುಡಿಗೆ ಹೋಗಾಕ," ಎಂದ ದಲ್ಲಾಳಿ.

ಲೋಕದ ಹಳೆಯ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ, ಅದೂ ಭಕ್ತಿವಂತರು! ಗಿರಣಿಯವ ಸುಮ್ಮನೆ ಬಾನೆಟ್ಟಿನ ಮೇಲೆ ಕೈಯಿಟ್ಟ. ಬೆಚ್ಚಗಿತ್ತು. ಬೆಳಗಾಗೆದ್ದು ಬೆಚ್ಚಗಿರುವವರು ಇಬ್ಬರೇ, ಒಬ್ಬರು ಜ್ವರ ಬಂದವರು, ಇನ್ನೊಂದು ಮಾರಾಟಕ್ಕಿಟ್ಟ ಗಾಡಿ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟರೆ ಎಂಜಿನ್ನಿನ ಕೆಮ್ಮು ಗಿರಾಕಿಗೆ ಕೇಳಿಸುವುದಿಲ್ಲ. ಅವನು ಮರುದಿನ ಹೇಳದೆ ಕೇಳದೆ ಬೇಗ ಬಂದು ನಿಂತ. ತಣ್ಣಗಿದ್ದ ಗಾಡಿಗೆ ಕೀಲಿ ತಿರುಗಿಸಿದರೆ ಹಿಂದಿನಿಂದ ನೀಲಿ ಹೊಗೆ, ಒಳಗಿನಿಂದ ಕಡಕಡ ಸದ್ದು. ಅಂಗಳದ ಉಬ್ಬಿನ ಮೇಲೆ ಗಾಡಿಯ ಹೊಟ್ಟೆ ಬೇರೆ ಉಜ್ಜಿತು. ಸಾಮಾನು ಕೆಟ್ಟರೆ ಎಲ್ಲಿ ಸಿಗುತ್ತದೆ ಎಂದು ಕೇಳಿದ. "ಹೊರದೇಶದಿಂದ ತರಸೂದ್ರಿ," ಎಂದ ದಲ್ಲಾಳಿ ಹೆಮ್ಮೆಯಿಂದ. ಗಿರಣಿಯವ ಕೈಮುಗಿದು ಬಂದ.

ಕಡೆಗೆ ಸಿಕ್ಕಿದ್ದು ಧಾರವಾಡದಲ್ಲಿ, ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ. ಪುಟ್ಟ ನೀಲಿ ಕಾರು. ಎರಡೇ ಸೀಟು. ಮೇಲಿನ ಬಣ್ಣ ಬಿಸಿಲಿಗೆ ಮಾಸಿತ್ತು, ಒಂದು ಸೀಟಿಗೆ ತೇಪೆ ಹಚ್ಚಿತ್ತು. ಆದರೆ ತಣ್ಣಗಿದ್ದಾಗಲೇ ಒಂದೇ ತಿರುವಿಗೆ ಎಚ್ಚರವಾಯಿತು. ಕೆಳಗೆ ಬಗ್ಗಿ ನೋಡಿದರೆ ಎಣ್ಣೆಯ ಹನಿಯಿಲ್ಲ, ತುಕ್ಕಿಲ್ಲ. ಸಾಮಾನೆಲ್ಲ ಹುಬ್ಬಳ್ಳಿಯಲ್ಲೇ ಸಿಗುತ್ತಿತ್ತು. ಕೆಲಗೇರಿ ಕೆರೆಯ ಕಡೆ ಒಂದು ಸುತ್ತು ಹೋದ. ತಿರುವಿನಲ್ಲಿ ಸ್ಟೇರಿಂಗ್ ಇಷ್ಟು ತಿರುಗಿಸಿದರೆ ಕಾರು ಅಷ್ಟೇ ತಿರುಗಿತು, ಹೇಳಿದ ಮಾತು ಕೇಳುವ ಮಗುವಿನ ಹಾಗೆ. ನಲವತ್ತೈದು ದಾಟಿದ ಗಂಡಸು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕುಬಿಟ್ಟ. ಖುಷಿ ಎಂದರೆ ಅದು ಖುಷಿ.

ಇಲ್ಲಿ ಒಂದು ಮಾತು ಗಮನಿಸಿ. ಅವನು ದಡ್ಡನಲ್ಲ. ಮಿಂಚಿಗೆ ಮರುಳಾಗಲಿಲ್ಲ, ದಲ್ಲಾಳಿಯ ಮಾತಿಗೆ ಬೀಳಲಿಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚಿದ. ನಿಮ್ಮಲ್ಲಿ ಯಾರಾದರೂ ಹಳೆಯ ಗಾಡಿ ಕೊಳ್ಳುವುದಿದ್ದರೆ ಹೀಗೇ ಕೊಳ್ಳಿ. ಕಾರಿನ ಒಳಗೇನಿದೆ ಎಂದು ತಿಳಿಯಲು ಅವನು ಎರಡು ಊರು ತಿರುಗಿದ. ತನ್ನ ತಾಯಿಯ ಮನಸ್ಸಿನೊಳಗೆ ಏನಿದೆ ಎಂದು ತಿಳಿಯಲು ಪಡಸಾಲೆಯಿಂದ ಅಡುಗೆಮನೆಗೆ ಹೋಗಲಿಲ್ಲ.

ಕಾರು ಮನೆಗೆ ಬಂತು. ಮೂತಿಗೆ ಮೂರು ಬೆರಳು ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಓಣಿಯೇ ನೆರೆದಿತ್ತು. ಕಸ್ತೂರಿ ಹಬ್ಬದ ಇಳಕಲ್ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಿದ್ದಳು. ತಾಯಿ ಕಾರನ್ನು ಒಂದು ಸುತ್ತು ಹಾಕಿ, ಕಿಟಕಿಯಲ್ಲಿ ಬಗ್ಗಿ ನೋಡಿದಳು.

"ಹಿಂದಿನ ಸೀಟ ಎಲ್ಲೈತೋ ತಮ್ಮಾ?"

ಗಿರಣಿಯವ ಈ ಪ್ರಶ್ನೆಗೇ ಕಾದಿದ್ದ. ಎದೆಯುಬ್ಬಿಸಿ ಹೇಳಿದ, "ಇಲ್ಲವ್ವಾ. ಈ ಗಾಡಿಗೆ ಎರಡ ಸೀಟ."

"ಹೌದೇನು? ಚಲೋ ಆತು ಬಿಡು. ನೀನೊಂದು, ನಾನೊಂದು," ಎಂದು ತಾಯಿ ಬಾಗಿಲು ತೆಗೆದು ಒಳಗೆ ಕೂತೇಬಿಟ್ಟಳು.

ನೋಡಿದಿರಾ? ಊರೇ ನಿಂತಿದೆ. ಮಗ ಏನು ಮಾಡಬೇಕು? ಕಾರು ಹೊರಟಿತು, ನಿಂಬೆಹಣ್ಣು ಪಚ್ಚೆಂದಿತು. ಅವನ ಉಪಾಯದ ಗತಿಯೂ ಅದೇ ಆಯಿತು.

ಮರುದಿನ ಕಾಕಾನ ಪಾಳಿ. ಆಮೇಲೆ ಬೀಗರು. ಆಮೇಲೆ ಓಣಿಯ ಹಿರಿಯರು. ಪಕ್ಕದ ಸೀಟಿನಲ್ಲಿ ಒಮ್ಮೆ ಜೋಳದ ಚೀಲ ಕೂತು ಬಂತು, ಒಮ್ಮೆ ಮದುವೆ ಮನೆಯ ಪಾತ್ರೆ ಕೂತು ಬಂತು. ಕಸ್ತೂರಿ ಕೂರಲಿಲ್ಲ. ಮೊದಲು ಹಿಂದಿನ ಸೀಟಾದರೂ ಇತ್ತು, ಚೀಲ ಹಿಡಿದಾದರೂ ಹೋಗುತ್ತಿದ್ದಳು. ಈಗ ಗಂಡನ ಗಾಡಿಯಲ್ಲಿ ಅವಳಿಗೆ ಹಿಂದೆಯೂ ಜಾಗವಿಲ್ಲ!  ಅವಳು ಬೈದಿದ್ದರೆ ಗಿರಣಿಯವ ಬದುಕಿಕೊಳ್ಳುತ್ತಿದ್ದ. ಸುಮ್ಮನೆ ಇದ್ದಳಲ್ಲ, ಅದು ಅವನನ್ನು ತಿಂದುಹಾಕಿತು.

ಗೋಕರ್ಣಕ್ಕೆ ಹೋಗುವ ದಿನ ಬಂತು. ಈ ಸಲ ಜೀಪು ಓಡಿಸುವವನು ತಮ್ಮ, ನೆಂಟರೂ ಸೇರಿ ಅದು ಕಿಕ್ಕಿರಿದಿತ್ತು. "ಹೆಂಗೂ ಆಕಿಗೆ ಗಾಡಿ ಆಗಂಗಿಲ್ಲಲ್ಲ, ಮನಿ ನೋಡ್ಕೋತ ಇರಲಿ" ಎಂದು ಕಾಕಾ ಸುಲಭವಾಗಿ ಹೇಳಿದ. ನೀಲಿ ಕಾರಿನಲ್ಲಿ ಎಂದಿನಂತೆ ತಾಯಿ ಮೊದಲೇ ಕೂತಾಗಿತ್ತು. ಕಸ್ತೂರಿ ಬುತ್ತಿಯ ಗಂಟು ತಂದು ಅತ್ತೆಯ ತೊಡೆಯ ಮೇಲಿಟ್ಟು, "ಹುಷಾರಿಲೆ ಹೋಗಿ ಬರ್ರಿ" ಎಂದು ಹಿಂದೆ ಸರಿದಳು.

ಗಿರಣಿಯವ ಕೀಲಿ ತಿರುಗಿಸಿದ. ಆ ನಂಬಿಕಸ್ತ ಎಂಜಿನ್ ಒಂದೇ ಏಟಿಗೆ ಎದ್ದಿತು. ಒಂದು ದಿನವಾದರೂ ಕೆಟ್ಟು ನಿಲ್ಲಬಾರದೇ ಎಂದು ಅವನಿಗೆ ಅನ್ನಿಸಿತು. ನಿಲ್ಲಲಿಲ್ಲ. ಹೆಂಡತಿಯ ಮುಖ ನೋಡಿದ. ನಾಚಿಕೆಯಾಯಿತು. ಎಂಜಿನ್ ಬಂದ್ ಮಾಡಿದ.

"ಅವ್ವಾ," ಎಂದ.  "ಇವತ್ತ ಆಕಿ ಕುಂದ್ರಲಿ ಇಲ್ಲಿ. ಆಕಿ ಆ ಘಟ್ಟ ನೋಡಿಲ್ಲ."

 ಜೀಪಿನಲ್ಲಿ ಕಾಕಾ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. ತಾಯಿ ಮಗನನ್ನು ದುರುಗುಟ್ಟಿ ನೋಡಿದಳು.

"ಏನಂದಿ?"

"ಆಕಿ ಕುಂದ್ರಲಿ, ನೀ ಇಳಿ ಅಂದ್ನಿ."

"ಅಯ್ಯ ನಿನ್ನ ಬಾಯಿಗೆ ಸಕ್ರಿ ಹಾಕ್ಲಿ!" ಎಂದಳು ತಾಯಿ. "ಇದನ್ನ ಹೇಳಾಕ ಇಷ್ಟ ದಿನ ಬೇಕಾತೇನು? ನೆಲಕ್ಕ ಹತ್ತೈತಿ ಈ ಸುಡಗಾಡ ಸೀಟ. ಕುಂತ್ರ ಏಳಾಕ ಬರಂಗಿಲ್ಲ, ಎದ್ರ ನಡಿಯಾಕ ಬರಂಗಿಲ್ಲ, ನನ್ನ ಮೊಣಕಾಲ ಹಿಡದ ಹೋಗ್ಯಾವು. ಮಗ ಹೌಸಿಲೆ ತಂದಾನ, ಬ್ಯಾಡಂದ್ರ ನೊಂದಗೋತಾನಂತ ಹಲ್ಲು ಕಚ್ಚಿ ಕುಂದ್ರತಿದ್ನೆಪ್ಪಾ!"

ಗಿರಣಿಯವ ಕೀಲಿಯಿಂದ ಕೈ ತೆಗೆದ. "ಮತ್ತ ಜೀಪನ್ಯಾಗ ಮುಂದ?"

"ಅದೂ ಅಷ್ಟ. ನೀವ ಕುಂದ್ರಸ್ತಿದ್ರಿ, ಕುಂದ್ರತಿದ್ದೆ. ಎದುರಿಗೆ ಲಾರಿ ಬಂತಂದ್ರ ನನ್ನ ಎದಿ ಝಲ್ ಅಂತೈತಿ. ಘಟ್ಟ ಇಳಿಯೂಮಟಾ ಕಣ್ಣ ಮುಚ್ಚಿ ಶಿವಶಿವ ಅಂತಿದ್ನಿ. ನಡಬರಕ ಮೊಮ್ಮಕ್ಕಳ ಜೋಡಿ ಕುಂತ್ರ ನಿದ್ದಿನಾರ ಬರ್ತೈತಿ. ಏ ಕಸ್ತೂರಿ, ನಿಂತ ನೋಡ್ತಿಯೇನ? ಬಾ, ಎತ್ತು ನನ್ನ!" ಆ ಮನೆಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು.

ಗಂಡ ಹೆಂಡತಿ ಇಬ್ಬರೂ ಸೇರಿ, ಹಿಂದಿನಿಂದ ಒಬ್ಬರು ದೂಡಿ, ಮುಂದಿನಿಂದ ಒಬ್ಬರು ಎಳೆದು, ಆಕೆಯನ್ನು ಕಾರಿನಿಂದ ಈಚೆ ತೆಗೆಯುವ ಹೊತ್ತಿಗೆ ಜೀಪಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಮನಿ ಯಾರು ನೋಡ್ಕೋಬೇಕು?" ಎಂದು ಕಾಕಾ ಗೊಣಗಿದ. "ಕೀಲಿ ಜಡದ್ರಾತು. ಮನಿಗೇನ ಕಾಲ ಅದಾವೇನು ಓಡಿ ಹೋಗಾಕ? ನೀ ಸರಿ ಅತ್ತಾಗ," ಎಂದು ತಾಯಿ ಜೀಪು ಹತ್ತಿ ನಡುವೆ ಕೂತಳು.

ಹೀಗಿತ್ತು ನೋಡಿ ಆ ಮನೆಯ ಸಂಸಾರ. ಇಪ್ಪತ್ತು ವರ್ಷ ಮುಂದೆ ಕೂತವಳು ಹೆದರಿ ಕಣ್ಣು ಮುಚ್ಚಿದ್ದಳು. ಹಿಂದೆ ಕೂತವಳು ಚೀಲದಲ್ಲಿ ಮುಖ ಹುದುಗಿಸಿದ್ದಳು. ಇಬ್ಬರೂ ಘಟ್ಟ ನೋಡಲಿಲ್ಲ! ಇಬ್ಬರ ನಡುವೆ ಗಾಡಿ ಓಡಿಸುತ್ತಿದ್ದವನು, ಇಬ್ಬರಿಗೂ ಒಳ್ಳೆಯವನಾಗಲು ಹೋಗಿ, ಇಬ್ಬರನ್ನೂ ಒಂದು ಮಾತು ಕೇಳಲಿಲ್ಲ.

ಕಸ್ತೂರಿ ಆವತ್ತು ಘಟ್ಟ ನೋಡಿದಳು. ಹೊಟ್ಟೆ ತೊಳೆಸಲಿಲ್ಲ. ಮೊದಲ ತಿರುವಿನಲ್ಲಿ ಬಾಗಿಲು ಗಟ್ಟಿಯಾಗಿ ಹಿಡಿದಿದ್ದಳು. ನಾಲ್ಕನೆಯ ತಿರುವಿಗೆ ಬಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿ, "ಇದೇನ್ರಿ, ಚಕ್ಕಡಿ ಹೊಡದಂಗ ಹೊಡಿಯಾಕತ್ತೀರಿ? ಒತ್ರಿ ಒಂದೀಟ!" ಎಂದಳು. ಗಿರಣಿಯವನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅರ್ಧ, ಇಷ್ಟು ವರ್ಷ ತಡ ಮಾಡಿದೆನಲ್ಲ ಎಂಬ ಸಂಕಟಕ್ಕೆ ಅರ್ಧ.

ಈಗ ನಿಮ್ಮ ಕಡೆ ಬರೋಣ. ಯಾಕೆ, ಚಪ್ಪಲಿ ಹುಡುಕುತ್ತಿದ್ದೀರಾ? ಕೂತುಕೊಳ್ಳಿ.

ಕಾರು ಕೊಂಡದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕೊಳ್ಳಿ, ಓಡಿಸಿ, ನಗಿ. ದೇವರು ತಿರುವುಗಳನ್ನು ಮಾಡಿದ್ದೇ ಅದಕ್ಕೆ. ಆದರೆ ಆಡಬೇಕಾದ ಮಾತಿನ ಬದಲಿಗೆ ಸಾಮಾನು ತರಬೇಡಿ. ಹೆಂಡತಿಯ ಹತ್ತಿರ "ತಪ್ಪಾತು" ಎನ್ನಲಾರದೆ ಸೀರೆ ತರುವವರು ಇಲ್ಲಿ ಎಷ್ಟು ಜನರಿದ್ದೀರಿ? ಮಗನ ಹತ್ತಿರ ಹತ್ತು ನಿಮಿಷ ಕೂತು ಮಾತಾಡಲಾರದೆ ಮೊಬೈಲು ಕೊಡಿಸಿದವರು? ತಮ್ಮನ ಜೊತೆ ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಅಂಗಳದ ನಡುವೆ ಗೋಡೆ ಕಟ್ಟಿಸಿದವರು? ಸಿಮೆಂಟು ಎಷ್ಟು ತುಟ್ಟಿಯಾಗಿದೆ ಗೊತ್ತಲ್ಲ! ಮಾತು ಇನ್ನೂ ಪುಕ್ಕಟೆ ಇದೆ. ಅವರು ಏನಂದಾರೋ ಎಂದು ನೀವೇ ಊಹಿಸಿ, ನೀವೇ ಹೆದರಿ, ನೀವೇ ಸುಮ್ಮನಾಗಬೇಡಿ. ಹೋಗಿ ಕೇಳಿ. ಬೈದರೆ ಬೈಸಿಕೊಳ್ಳಿ. ಬೈಗುಳಕ್ಕೆ ಯಾರೂ ಸತ್ತಿಲ್ಲ, ಬಾಯಿಬಿಡದೆ ಒಳಗೊಳಗೇ ಬೆಂದವರು ಬಹಳ ಜನ.

ಇವತ್ತು ರಾತ್ರಿ ಊಟಕ್ಕೆ ಕೂತಾಗ, ನಿಮ್ಮ ಮನೆಯಲ್ಲಿ ಯಾವಾಗಲೂ "ನನಗ ನಡೀತೈತಿ ಬಿಡ್ರಿ" ಎನ್ನುವವರು ಒಬ್ಬರಿದ್ದಾರಲ್ಲ, ಅವರನ್ನು ಹೆಸರು ಹಿಡಿದು ಕರೆದು, "ನಿನಗೇನು ಬೇಕು?" ಎಂದು ಕೇಳಿ. ಉತ್ತರ ಬರುವ ತನಕ ಎದ್ದು ಹೋಗಬೇಡಿ. ನಿಮ್ಮ ಹಿರಿಯರನ್ನೂ ಕೇಳಿ; ನೀವು ಮರ್ಯಾದೆಯಿಂದ ಕೂರಿಸಿದ ಜಾಗದಲ್ಲಿ ಅವರ ಮೊಣಕಾಲು ನೋಯುತ್ತಿರಬಹುದು.

ಪ್ರಸಾದಕ್ಕೆ ಇನ್ನೂ ಹೊತ್ತಿದೆ, ಅನ್ನ ಅರಳಬೇಕು. ಅಷ್ಟರೊಳಗೆ ಪಕ್ಕದಲ್ಲಿ ಕೂತವರನ್ನು ಕೇಳಿ ಶುರು ಮಾಡಿ. ರಾತ್ರಿಯವರೆಗೆ ಕಾಯುವುದೇಕೆ? ಹೂಂ, ನಾನು ನೋಡುತ್ತಿದ್ದೇನೆ. ಕೇಳಿ.