ಇಳಿಜಾರು ಅಂದಮೇಲೆ ಇಳೀಬೇಕು

"ಹಲೋ... ಯಾರು ಮಾತಾಡ್ತಿರೋದು? ... ಓ, ನೀನಾ ಪುಟ್ಟಿ! ಯಾರದೇ ಈ ನಂಬರು? ... ಹಾಂ, ವಾಚ್‌ಮನ್ ಫೋನಾ. ಗಣಿತ ಪರೀಕ್ಷೆ ಆಗಲೇ ಮುಗೀತಾ?"

"... ಇನ್ನೂ ಒಳಗೇ ಬಿಟ್ಟಿಲ್ವಾ? ಮತ್ತೆ ಅಕ್ಕನ ಜೀವ ತಿನ್ನೋಕೆ ಫೋನ್ ಮಾಡಿದ್ಯಾ?"

ಅಕ್ಕ ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದಳು. ತಂಗಿ ಇದೊಂದು ಪರೀಕ್ಷೆ ದಾಟಿದರೆ ಲ್ಯಾಬ್ ತರಬೇತಿ, ಹಾಸ್ಟೆಲ್ಲು. ಆಮೇಲೆ ಈ ಹೊಲಿಗೆ ಅಂಗಡಿಯ ಕಡೆ ತಲೆ ಹಾಕಿಯೂ ಮಲಗುವವಳಲ್ಲ.

"... ವೈ ಅಂದ್ರೆ ಎರಡೆಕ್ಸು ಪ್ಲಸ್ ಮೂರು. ಹಾಂ, ಗೆರೆ. ಎಕ್ಸ್ ಮುಂದಿರೋ ಎರಡೇ ಆ ಗೆರೆಯ ಇಳಿಜಾರು, ಸ್ಲೋಪು, ಅಲ್ವಾ? ಇಳಿಜಾರು ಅಂದಮೇಲೆ ಇಳೀಬೇಕು ತಾನೇ? ನೋಟ್‌ಬುಕ್ ತುಂಬ ನೀನೇ ಹಾಗೆ ಎಳೆದಿದ್ದೀಯಲ್ಲ, ಜಾರುಬಂಡೆ ಥರ."

"... ಮೇಲಕ್ಕೆ ಹೋಗುತ್ತೆ ಅಂತ ಯಾರಂದ್ರು? ... ನಿನ್ನ ಜೊತೆ ಪರೀಕ್ಷೆಗೆ ಕೂರೋ ಆ ಸೋಡಾಬುಡ್ಡಿ ಕನ್ನಡಕದವಳಾ? ಅವಳಿಗೆ ಹೊಟ್ಟೆಕಿಚ್ಚು ಕಣೆ. ನೀನು ಫೇಲಾದ್ರೆ ಒಂದು ಸೀಟು ಮಿಗುತ್ತೆ. ಅಷ್ಟೂ ಗೊತ್ತಾಗಲ್ವಾ? ತಲೇಲಿ ಏನು, ಮಣ್ಣು ತುಂಬಿದೆಯಾ?"

ಬೈಯುತ್ತಲೇ ಅಕ್ಕ ಗುರುತು ಹಾಕುವ ಸೀಮೆಸುಣ್ಣದ ತುಂಡಿನಿಂದ ಬಟ್ಟೆಯ ಮೇಲೆ ಆ ಗೆರೆ ಎಳೆದಳು. ಮೂರರಲ್ಲಿ ಹೊರಟು, ಹೆಜ್ಜೆಗೆ ಎರಡರಂತೆ, ಮೇಲಕ್ಕೆ. ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ಮಂಜಾಗಿದ್ದದ್ದು ಕಣ್ಣು. ಎರಡು ವರ್ಷದಿಂದ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವಳು ತಂಗಿ.

"... ಬೇಡ, ಅಂಕಿ ಹಾಕಿ ನೋಡೋದೆಲ್ಲ ಬೇಡ. ಟೈಮು ದಂಡ. ... ಎಕ್ಸ್ ಸೊನ್ನೆ ಆದ್ರೆ ಮೂರು. ಸರಿ, ಸಾಕು. ... ಒಂದಾದ್ರೆ ಐದಾ? ಬಾಯಿಲೆಕ್ಕ, ತಪ್ಪಿರುತ್ತೆ ಬಿಡು. ... ಎರಡಾದ್ರೆ..."

"... ಏಳು. ಹಾಂ."

"... ಪುಟ್ಟಿ? ... ಅಳ್ತಿದ್ದೀಯಾ? ... ನಂಗೆ ಗೊತ್ತಿತ್ತಾ ಅಂತನಾ?"

"... ಹೌದು, ಗೊತ್ತಿತ್ತು. ನೀನು ಹಾಗೆ ಎಳೆದ ಮೊದಲ ದಿನಾನೇ ಗೊತ್ತಿತ್ತು. ತಪ್ಪು ನಿಂದು, ನಾನು ತಿದ್ದಲಿಲ್ಲ, ಅಷ್ಟೇ. ... ಯಾಕಾ? ನೀನು ಹೊರಟುಹೋದ್ರೆ ನನ್ನ ಸೂಜಿಗೆ ದಾರ ನಿನ್ನ ಸೋಡಾಬುಡ್ಡಿ ಬಂದು ಪೋಣಿಸ್ತಾಳಾ?"

"... ಗಂಟೆ ಹೊಡೀತಾ? ಹೊಡೀಲಿ. ... ಏನು? ಹಾಗಾದ್ರೆ ಎಲ್ಲಾ ಗೆರೆನೂ ಮೇಲಕ್ಕೇನಾ ಅಂತನಾ? ... ಇಲ್ಲಮ್ಮಾ, ಕೆಲವು ಕೆಳಕ್ಕೂ ಇಳಿಯುತ್ತೆ. ಯಾವುದು ಅಂತ ನಾನು ಹೇಳಲ್ಲ. ಹೋಗು, ಕೂತು ಬೆವರು."

ಅಕ್ಕನಿಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಆ ಕಡೆಯವಳು ಏನೋ ಗುನುಗುತ್ತಿದ್ದಳು, ಎಣಿಸುವವಳ ಹಾಗೆ.

"... ಎಕ್ಸ್ ಮುಂದೆ ಮೈನಸ್ ಇದ್ರೆ ಕೆಳಕ್ಕಾ? ... ಯಾರು ಹೇಳಿಕೊಟ್ರು? ... ಈಗಲೇನಾ? ನೀನೇ ಅಂಕಿ ಹಾಕಿ ನೋಡಿದ್ಯಾ?"

"... ಪುಟ್ಟಿ, ಫೋನ್ ಇಡಬೇಡ. ತಮಾಷೆಗೆ ಅಂದೆ ಕಣೇ. ... ಸಂಜೆ ಬರ್ತೀಯ ತಾನೇ? ... ಯಾರ ಮನೆಗೆ? ... ಆ ಸೋಡಾಬುಡ್ಡಿ ಮನೆಗಾ? ... ಹಲೋ? ಪುಟ್ಟಿ, ಸಂಜೆ..."