ಎಂಟು ತಿಂಗಳ ಹಿಂದಿನ ದೂರು

ಹೈದರಾಬಾದಿನ ಮಿಯಾಪುರ ಮೆಟ್ರೊ ನಿಲ್ದಾಣದಲ್ಲಿ ಕೂತಿದ್ದ ಸಾವಿತ್ರಿಬಾಯಿಯ ಕಿವಿಗೆ ಪಕ್ಕದವರ ಕನ್ನಡ ಬಿತ್ತು. ಕಣ್ಣು ಕಾಣದ ಹೆಣ್ಣುಮಗಳೊಬ್ಬಳು ಜೊತೆಗಿದ್ದವನಿಗೆ ಹೇಳುತ್ತಿದ್ದಳು.

“ಸೂರ್ಯಕಾಂತಣ್ಣಾ, ನೌಕರಿ ಪರೀಕ್ಷೆದಾಗ ನಿಮ್ಮ ಪುಕ್ಕಟೆ ಸಾಫ್ಟ್‌ವೇರ್ ಪ್ರಶ್ನೆ ಓದಿ ಹೇಳಾಕ ಭಾಳ ಹೊತ್ತು ತಗೊಂತು. ಅರ್ಧ ಪೇಪರ್ ಹಂಗ ಉಳೀತು.”

“ಐದು ಮಂದಿ ಪಗಾರಿಲ್ದ ಕೂಡಿ ಮಾಡಿದ್ವಿ, ದಾನೇಶ್ವರಿ. ಈಗ ನಾ ಒಬ್ಬನ ಉಳದೀನಿ.”

“ನಿಧಾನ ಆಗ್ಯಾದಂತ ಎಂಟು ತಿಂಗಳ ಹಿಂದ ನಿಮಗ ದೂರು ಬರದಿದ್ದೆ. ನೋಡ್ತೀನಿ ಅಂದಿದ್ರಿ.”

“ಅಂದಿದ್ದೆ. ನೋಡ್ಲಿಲ್ಲ.”

ಅವನು ಚೀಲದಿಂದ ಲ್ಯಾಪ್‌ಟಾಪ್ ತೆಗೆದ.

“ಎಲ್ಲಿ ತಡ ಆತು ಹೇಳು. ಇವತ್ತ ಸರಿ ಮಾಡ್ತೀನಿ.”

“ಮಾಡ್ರಿ, ಮುಂದಿನವರಿಗೆ ಬೇಕಾಗ್ತದ. ಆ ನೌಕರಿಗೆ ಅರ್ಜಿ ಹಾಕೋ ನನ್ನ ವಯಸ್ಸು ಈ ವರ್ಷಕ್ಕ ಮುಗೀತು.”

ರೈಲು ಬಂತು. ಕೈ ಹಿಡಿಯಲು ಬಂದವನಿಗೆ “ಬ್ಯಾಡ್ರಿ” ಎಂದವಳೇ ಕೋಲು ತಟ್ಟುತ್ತ ಒಬ್ಬಳೇ ಹತ್ತಿದಳು. ಬಾಗಿಲು ಮುಚ್ಚಿತು. ತನ್ನ ರೈಲೂ ಅದೇ ಆಗಿತ್ತೆಂಬುದು ಸಾವಿತ್ರಿಬಾಯಿಗೆ ಆಮೇಲೆ ಹೊಳೆಯಿತು.