ಎಷ್ಟು ಸಲ ನಿಂತ್ರಿ?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ಪ್ರಯೋಗಾಲಯದ ನನ್ನ ಸಹೋದ್ಯೋಗಿಗಳೇ, ಮೂವತ್ತೊಂದು ವರ್ಷ ನನ್ನ ಮುಂದೆ ತೋಳು ಚಾಚಿ ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡ ಸಭಿಕರೇ,

ನಿಮ್ಮ ತೋಳು ಕಂಡರೆ ಯಾರೆಂದು ಹೇಳಬಲ್ಲೆ; ಮುಖ ನೋಡಿ ಹೇಳುವುದು ಸ್ವಲ್ಪ ಕಷ್ಟ. ಇಲ್ಲಿಯವರೆಗೆ ಮಾತಾಡಿದವರೆಲ್ಲ ನನ್ನನ್ನು ಬಾಯ್ತುಂಬ ಹೊಗಳಿದರು. ಕೈ ಹಗುರ, ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದರು. ನಿವೃತ್ತಿಯ ದಿನ ಹಾಗೆಲ್ಲ ಹೇಳಬೇಕಾಗುತ್ತದೆ, ಹೇಳಿದ್ದಾರೆ. ಬೆನ್ನ ಹಿಂದೆ ನನ್ನನ್ನು ಸೂಜಿ ಮೇಡಂ ಎಂದು ಕರೆಯುವುದು ನನಗೆ ಗೊತ್ತಿಲ್ಲವೇ?

ಒಂದು ಕೋರಿಕೆ. ನಾನು ಆಗಾಗ ಎಡಗಡೆಯ ಕಿಟಕಿಯತ್ತ ನೋಡುತ್ತಿರುತ್ತೇನೆ, ತಪ್ಪು ತಿಳಿಯಬೇಡಿ. ಇಲ್ಲಿಂದ ಔಷಧಿ ಅಂಗಡಿಯ ತಿರುವಿನವರೆಗೂ ರಸ್ತೆ ಕಾಣುತ್ತದೆ. ತಿರುವಿನ ಆಚೆ, ನಮ್ಮ ಮನೆಯ ಕಡೆ, ಕಾಣುವುದಿಲ್ಲ. ನಮ್ಮ ಯಜಮಾನರು ಈಗಷ್ಟೇ ಆ ತಿರುವು ದಾಟಿ ನಡೆದು ಬರುತ್ತಿದ್ದಾರೆ. ಅದನ್ನೇಕೆ ನೋಡಬೇಕು ಎಂಬುದೇ ಇವತ್ತಿನ ನನ್ನ ಭಾಷಣ.

ಅವರು ಅಂಚೆಯವರು. ಮೂವತ್ತೈದು ವರ್ಷ ಮನೆಮನೆಗೆ ಕಾಗದ ಹಂಚಿದವರು. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷವಾಯಿತು. ಮೂರು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಬಂದು ನನ್ನ ಮುಂದೆಯೇ ಕೂರುತ್ತಿದ್ದರು. ಪ್ರತಿ ಸಲವೂ ಅಂಕಿ ಚೆನ್ನಾಗಿಯೇ ಬರುತ್ತಿತ್ತು. ನನಗೋ ಹೆಮ್ಮೆಯೋ ಹೆಮ್ಮೆ. ಅಂಥದೊಂದು ರಿಪೋರ್ಟಿನಲ್ಲಿ ಹೆಸರಿನ ಮೇಲೆ ಚೀಟಿ ಅಂಟಿಸಿ, ರಕ್ತ ತೆಗೆಯುವ ಕೋಣೆಯ ಗೋಡೆಗೆ ಹಾಕಿದ್ದೆ. ‘ನೋಡಿ, ಮನಸ್ಸು ಮಾಡಿದ್ರೆ ಹೀಗಿರ್ಬಹುದು’ ಎಂದು ನಿಮ್ಮಲ್ಲಿ ಎಷ್ಟು ಜನರನ್ನು ಬೈದಿಲ್ಲ ನಾನು?

ಆ ಅಂಕಿ ಬರುತ್ತಿದ್ದುದು ಹೇಗೆ? ಮೂರನೇ ಸಾಲಿನಲ್ಲಿ ಆಗಲೇ ನಗು ಶುರುವಾಗಿದೆ, ಅವರಿಗೆ ಗೊತ್ತು. ರಕ್ತ ಕೊಡಲು ನಾಲ್ಕು ದಿನ ಇರುವಾಗ ಸಿಹಿ ಬಂದ್, ಕರಿದದ್ದು ಬಂದ್, ಊಟ ಅರ್ಧ, ಮಾತ್ರೆ ಹೊತ್ತಿಗೆ ಸರಿಯಾಗಿ. ರಕ್ತ ಕೊಟ್ಟು, ಹತ್ತಿ ಒತ್ತಿಕೊಂಡು ಹೊರಗೆ ಬಿದ್ದರೆ ನೇರ ಬೇಕರಿ. ಇದು ನಡೆಯುತ್ತಿದ್ದುದು ನನ್ನ ಮನೆಯಲ್ಲೇ, ನನ್ನ ಕಣ್ಣೆದುರೇ. ಕಂಡೂ ನಾನೇನು ಅಂದುಕೊಂಡೆ? ಪಾಪ, ನಾಲ್ಕು ದಿನವಾದರೂ ಪಥ್ಯ ಮಾಡುತ್ತಾರಲ್ಲ ಎಂದುಕೊಂಡೆ.

ಒಂದು.

ಕ್ಷಮಿಸಿ, ಎಣಿಸುತ್ತಿದ್ದೆ. ಮುಂದೆ ಹೇಳುತ್ತೇನೆ.

ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ನಮ್ಮಲ್ಲೇ ಇದೆ. ಅದರ ಮುಂದೆ ನಾಲ್ಕು ದಿನದ ನಾಟಕ ನಡೆಯುವುದಿಲ್ಲ. ಊರಿಗೆಲ್ಲ ಮಾಡಿಸಿಕೊಳ್ಳಿ ಎಂದು ಹೇಳಿದವಳು ನಾನು. ಇವರಿಗೆ ಡಾಕ್ಟರು ಬರೆದುಕೊಟ್ಟಾಗಲೆಲ್ಲ ‘ಇಷ್ಟು ಚೆನ್ನಾಗಿದೆ, ಮುಂದಿನ ಸಲ ನೋಡೋಣ’ ಎಂದು ಚೀಟಿ ಮಡಚಿಟ್ಟವಳೂ ನಾನೇ. ನಿಜ ಹೇಳಲೇ? ಗೋಡೆಯ ಮೇಲಿನ ರಿಪೋರ್ಟು ಕೆಳಗಿಳಿಸಬೇಕಾದೀತು ಎಂಬ ಭಯ.

ಅವರು ನಿವೃತ್ತರಾದ ಮೇಲೆ ಸಂಜೆ ಇಬ್ಬರೂ ನಡೆಯಲು ಹೋಗುತ್ತಿದ್ದೆವು. ಇವರು ಸಿಕ್ಕ ಸಿಕ್ಕ ಗೇಟಿನ ಮುಂದೆ ನಿಂತು ಮಾತಿಗಿಳಿಯುತ್ತಿದ್ದರು. ‘ರೀ, ಎಷ್ಟು ಮಾತು ನಿಮ್ದು? ಕಾಗದ ಹಂಚೋದು ಬಿಟ್ರೂ ಬಾಗಿಲು ಬಾಗಿಲಿಗೆ ನಿಲ್ಲೋದು ಬಿಡ್ಲಿಲ್ವಲ್ಲ’ ಎಂದು ರೇಗುತ್ತಿದ್ದೆ. ‘ಹಳೇ ಪರಿಚಯ ಕಣೇ, ಮಾತಾಡಿಸ್ದೆ ಹೋದ್ರೆ ಏನಂದ್ಕೋತಾರೆ?’ ಎನ್ನುತ್ತಿದ್ದರು. ಒಂದು ದಿನ ತಿರುಗಿ ನೋಡುತ್ತೇನೆ, ಬೀಗ ಹಾಕಿದ ಮನೆಯ ಗೇಟು ಹಿಡಿದು ನಿಂತಿದ್ದಾರೆ.

‘ಇಲ್ಲಿ ಯಾರ ಹತ್ರ ಮಾತು?’ ಎಂದೆ.

ಬಗ್ಗಿ ಎಡಗಾಲು ಒತ್ತಿಕೊಂಡರು. ಆಮೇಲೆ, ‘ಮೀನಖಂಡ ಹಿಡ್ಕೊಳ್ಳುತ್ತೆ ಕಣೇ. ಇನ್ನೂರು ಹೆಜ್ಜೆಗೆ ಹಿಡಿಯುತ್ತೆ, ನಿಂತ್ರೆ ಬಿಡುತ್ತೆ. ಎರಡು ವರ್ಷ ಆಯ್ತು’ ಎಂದರು.

ಎರಡು ವರ್ಷ, ಸಭಿಕರೇ. ರಸ್ತೆಯ ಅಷ್ಟೂ ಜನರನ್ನು ಮಾತಾಡಿಸಿದ್ದು ನನ್ನಿಂದ ಒಂದು ನೋವು ಮುಚ್ಚಿಡಲು.

ಇದೇ ವೇದಿಕೆಯ ಮೇಲಿರುವ ಹಿರಿಯ ವೈದ್ಯರು ಅವರ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಎಡಗಾಲಿನಲ್ಲಿ ಸಿಗಲಿಲ್ಲ. ತೋಳಿನ ರಕ್ತದೊತ್ತಡ, ಕಣಕಾಲಿನ ರಕ್ತದೊತ್ತಡ ಎರಡನ್ನೂ ಅಳೆದರು. ಕಣಕಾಲಿನದು ತೀರಾ ಕಡಿಮೆ ಇತ್ತು. ಸೊಂಟದ ಸುತ್ತಳತೆ ಹೆಚ್ಚು, ರಕ್ತದ ಕೊಬ್ಬು ಹೆಚ್ಚು, ಏಳರೊಳಗೆ ಇರಬೇಕಾದ ಮೂರು ತಿಂಗಳ ಸರಾಸರಿ ಒಂಬತ್ತೂವರೆ. ‘ಕಾಲಿನ ರಕ್ತನಾಳ ಕಿರಿದಾಗಿದೆ. ಅಂದ್ಮೇಲೆ ಹೃದಯದ್ದು, ಮೆದುಳಿಂದು ಚೆನ್ನಾಗಿರುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲಮ್ಮ’ ಎಂದರು. ಔಷಧಿ, ಪಥ್ಯ, ದಿನವೂ ನಡಿಗೆ. ನೋವು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ಮತ್ತೆ ನಡೆಯಬೇಕು. ಎಷ್ಟು ಸಲ ನಿಂತರೋ ಅಷ್ಟನ್ನೇ ಹೇಳಬೇಕು. ನಿಲ್ಲುವುದು ಹೆಚ್ಚಾಗಿಯೂ ಮುಚ್ಚಿಟ್ಟರೆ ಕಾಲು ಉಳಿಯುವ ಭರವಸೆ ಇಲ್ಲ ಎಂದರು.

ಎರಡು. ಹೊಲಿಗೆ ಅಂಗಡಿಯ ಮುಂದೆ.

ಅಂದಿನಿಂದ ಅವರು ನಡೆಯುವುದು ನಾನು ಕೆಲಸದಲ್ಲಿರುವಾಗ, ಒಬ್ಬರೇ; ಮನೆಗೆ ಹೋದರೆ ದಿನವೂ ನನ್ನದು ಒಂದೇ ಪ್ರಶ್ನೆ: ‘ಎಷ್ಟು ಸಲ ನಿಂತ್ರಿ?’ ಅವರದು ಒಂದೇ ಉತ್ತರ: ‘ನಿಲ್ಲಲೇ ಇಲ್ಲ.’ ನಾಲ್ಕು ದಿನದ ಪಥ್ಯದವರ ಮಾತನ್ನು ಹೇಗೆ ನಂಬಲಿ? ಆದರೆ ಅವರೊಬ್ಬರ ತಪ್ಪೇ ಇದು? ಹದಿನಾಲ್ಕು ವರ್ಷ ಒಳ್ಳೆಯ ಅಂಕಿ ಬಂದಾಗ ಮಾತ್ರ ಮುಖ ಅರಳಿಸಿದವಳು ನಾನು. ಕೆಟ್ಟ ಅಂಕಿ ತಂದು ನನ್ನ ಮುಂದೆ ನಿಲ್ಲುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ಬೀಳ್ಕೊಡುಗೆಯ ಭಾಷಣದಲ್ಲಿ ಹೇಳುವ ಮಾತಲ್ಲ, ಆದರೂ ಹೇಳುತ್ತೇನೆ. ನನಗೆ ತುಂಬಾ ಭಯವಾಗಿದೆ. ಅವರ ಕಾಲಿಗಿಂತ ಹೆಚ್ಚಾಗಿ, ಅವರು ಹೇಳದೇ ಇರುವುದರ ಬಗ್ಗೆ.

ಇವತ್ತು ಬೆಳಿಗ್ಗೆ ತಾವಾಗಿಯೇ ಹೇಳಿದರು: ‘ನೀನು ಮುಂದೆ ಹೋಗು. ನಾನು ನಡ್ಕೊಂಡು ಬರ್ತೀನಿ. ಎಷ್ಟು ಸಲ ನಿಂತೆ ಅಂತ ಬಾಗಿಲಲ್ಲೇ ಬೆರಳು ತೋರಿಸ್ತೀನಿ, ಸರಿನಾ?’ ಸರಿ ಎಂದೆ. ಈ ಕಿಟಕಿಯ ವಿಷಯ ಅವರಿಗೆ ಗೊತ್ತಿಲ್ಲ.

ಮೂರು. ನಮ್ಮ ಆಸ್ಪತ್ರೆಯ ಗೇಟಿನ ಹತ್ತಿರ. ಕಾವಲುಗಾರ ಮಾತಾಡಿಸಿದರೂ ಇವರು ಬರೀ ತಲೆಯಾಡಿಸಿದರು.

ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂರುವ ತಂಗಿಗೆ ಒಂದು ಮಾತು. ಗೋಡೆಯ ಮೇಲಿದ್ದ ರಿಪೋರ್ಟನ್ನು ಕಿತ್ತು ಹಾಕಿದ್ದೇನಮ್ಮ. ಅಲ್ಲಿ ಮತ್ತೆ ಯಾರದನ್ನೂ ಹಾಕಬೇಡ. ಕೆಟ್ಟ ಅಂಕಿ ಬಂದವರನ್ನು ಸ್ವಲ್ಪ ಹೊತ್ತು ಕೂರಿಸಿಕೊಂಡು ಮಾತಾಡಿಸು. ಗಡಿಯಾರ ಕೊಟ್ಟ ಸಹೋದ್ಯೋಗಿಗಳಿಗೆ, ಪಾದದ ನಾಡಿ ಹುಡುಕಿದ ವೈದ್ಯರಿಗೆ, ಇಷ್ಟು ವರ್ಷ ನನ್ನ ಸೂಜಿಯನ್ನೂ ಬಾಯಿಯನ್ನೂ ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ.

ಬಂದರು. ಹಿಂದಿನ ಬಾಗಿಲಲ್ಲಿ, ನೀಲಿ ಅಂಗಿ. ಕೈ ಎತ್ತಿದ್ದಾರೆ.

ನಾಲ್ಕು ಬೆರಳು.

ನಾನು ನೋಡಿದ್ದು ಮೂರೇ. ತಿರುವಿನ ಆಚೆ, ಯಾರಿಗೂ ಕಾಣದ ಕಡೆ, ಒಂದು ಸಲ ನಿಂತಿದ್ದಾರೆ. ಅದನ್ನೂ ಸೇರಿಸಿ ತೋರಿಸುತ್ತಿದ್ದಾರೆ.

ರೀ, ಬನ್ನಿ, ಮುಂದೆ ಕುರ್ಚಿ ಇದೆ, ಕೂತ್ಕೊಳ್ಳಿ. ನನ್ನ ಮಾತು ಇಲ್ಲಿಗೆ ಮುಗಿಯಿತು. ಎಲ್ಲರಿಗೂ ನಮಸ್ಕಾರ.